ಗಿರಿಜಕ್ಕನ ಕೈ

ಮೆಣಸಿನಕಾಯಿ ತೊಟ್ಟು ಬಿಡಿಸುವ ನಮ್ಮ ಓಣಿಯಲ್ಲಿ ಕೆಮ್ಮದವಳು ಗಿರಿಜಕ್ಕ ಒಬ್ಬಳೇ. ಉಸಿರು ಅಳೆದು ದವಾಖಾನೆಯ ಪರದೆಗೆ ಕಳಿಸುವ ಪಟ್ಟಿ ಎಲ್ಲರ ಮುಂಗೈಯಲ್ಲೂ ಇರಬೇಕು. ಹೆಣ್ಣು ನೋಡಲು ಬಂದವರು ಮೊದಲು ನೋಡುವುದು ಅದರ ದೀಪವನ್ನೇ: ಹಸಿರಾದರೆ ಆರೋಗ್ಯ, ಕೆಂಪಾದರೆ ರೋಗ. ಅದಕ್ಕೇ ಮಗಳು ದೊಡ್ಡವಳಾದ ಮನೆಯವರೆಲ್ಲ ಪಟ್ಟಿ ಬಿಚ್ಚಿ ಗಿರಿಜಕ್ಕನಿಗೆ ತೊಡಿಸುತ್ತೇವೆ. ನೋಡಲು ಬರುವ ಹೊತ್ತಿಗಷ್ಟೇ ವಾಪಸು ತಂದು ಕಟ್ಟಿಕೊಂಡು ಕೆಮ್ಮು ತಡೆದುಕೊಳ್ಳುತ್ತೇವೆ. ಅವಳ ಕೈತುಂಬ ಬಳೆಯಂತೆ ನಮ್ಮ ಪಟ್ಟಿಗಳು, ಎಲ್ಲವೂ ಹಸಿರು.

ಇವತ್ತು ನನ್ನ ಕಸ್ತೂರಿಯನ್ನು ನೋಡಲು ಬರುವವರಿದ್ದರು. ಬೆಳಿಗ್ಗೆಯೇ ಅವಳು ಉಸಿರು ಸಿಗದೆ ಗೋಡೆ ಹಿಡಿದು ಕೂತಳು. ದವಾಖಾನೆಗೆ ಒಯ್ದೆ.

ಡಾಕ್ಟರು ಪರದೆ ನೋಡಿ ಗೊಂದಲಕ್ಕೆ ಬಿದ್ದರು. "ನಿಮ್ಮ ಓಣ್ಯಾಗ ಈ ರೋಗ ಒಬ್ಬರಿಗೂ ಇಲ್ಲಲ್ಲವ್ವಾ. ಊರ ಮಂದಿ ಉಸಿರು ನೋಡೇ ಔಷಧ ಹುಡುಕೋದು. ಯಾರಿಗೂ ಇಲ್ಲದ ರೋಗಕ್ಕ ಯಾರು ಹುಡುಕ್ತಾರ?"

ಕಸ್ತೂರಿಯನ್ನು ಮನೆಗೆ ಕರೆತಂದು ಕೂರಿಸಿ, ಗಿರಿಜಕ್ಕನ ಮನೆಗೆ ಓಡಿ ನಮ್ಮಿಬ್ಬರ ಪಟ್ಟಿ ಕಿತ್ತುಕೊಂಡು ಬಂದೆ. ಇಬ್ಬರೂ ಕಟ್ಟಿಕೊಂಡು ಕೆಮ್ಮಿದ್ದೇ ತಡ, ಎರಡೂ ಕೆಂಪಾದವು. ಅಷ್ಟರಲ್ಲಿ ಗಂಡಿನ ಕಡೆಯವರು ಹೊಸ್ತಿಲು ದಾಟಿದ್ದರು.

ಹುಡುಗನ ತಾಯಿ ಕೆಂಪು ದೀಪವನ್ನೇ ನೋಡುತ್ತ ನಿಂತರು. ನಾನು ಕೈ ಮುಚ್ಚಿಕೊಳ್ಳಲಿಲ್ಲ.

"ಇಷ್ಟು ದಿನ ಇವು ಗಿರಿಜಕ್ಕನ ಕೈಯಾಗ ಇದ್ವುರೀ. ಆಕಿಗೆ ಕೆಮ್ಮಿಲ್ಲ," ಎಂದೆ.

ಅವರು ತಿರುಗಿ ಹೋಗಲಿಲ್ಲ. ಗಂಡಿನ ಕಡೆಯವರ ಕೈಯನ್ನು ಯಾರೂ ನೋಡುವುದಿಲ್ಲ. ಹುಡುಗನ ತಾಯಿಯೇ ಸೆರಗು ಸರಿಸಿ ಪಟ್ಟಿಯಿಲ್ಲದ ತಮ್ಮ ಬರಿ ಮುಂಗೈ ತೋರಿಸಿದರು.

"ನಮ್ಮ ಓಣ್ಯಾಗ ಆಕಿ ಹೆಸರು ಬಸಲಿಂಗವ್ವ."