ದೋಣಿಯೊಳಗಿನ ನಿಂಬೆಹಣ್ಣು

ಹೊಸ ಬೈಕಿನ ಚಕ್ರದಡಿ ಜಜ್ಜಿದ ನಿಂಬೆಹಣ್ಣಿನ ವಾಸನೆ ಪೆಟ್ರೋಲಿನೊಂದಿಗೆ ಬೆರೆತು ಬಂದರೆ ಈಗಲೂ ನನ್ನ ಪಾದಗಳು ನೆಲವನ್ನು ತಡಕುತ್ತವೆ.

ದೇವರಾಯಸಮುದ್ರದ ಕೆರೆ ಕೋಡಿ ಬಿದ್ದ ವರ್ಷ, ಮೀನು ಹಿಡಿಯಲೆಂದು ಅಪ್ಪ ಕರಾವಳಿಯಿಂದ ಹಳೆಯ ಮೋಟಾರ್ ದೋಣಿಯೊಂದನ್ನು ಕೊಂಡು ತಂದಿದ್ದರು. ಅದುವರೆಗೆ ಅವರು ಓಡಿಸಿದ್ದು ಟ್ರ್ಯಾಕ್ಟರ್ ಮಾತ್ರ. ದೋಣಿಗೆ ಚಕ್ರವಿಲ್ಲವಲ್ಲ ಎಂದು ಅಜ್ಜಿ, ಕೊಯ್ದು ಕುಂಕುಮ ಹಚ್ಚಿದ ನಿಂಬೆಹಣ್ಣನ್ನು ಅದರೊಳಗೇ ಇಟ್ಟಳು. ನಾನೂ ಹತ್ತಿ ಕೂತೆ.

ಕೆರೆಯ ನಡುವೆ ಇದ್ದಾಗ ಗಾಳಿ ಎದ್ದಿತು. ಅಲೆಗಳು ದೋಣಿಯ ಮೂತಿಗೆ ಬಡಿದವು. ಹೊಲದ ಬದುವಿನಲ್ಲಿ ಟ್ರ್ಯಾಕ್ಟರ್ ವಾಲಿದಾಗ ಮಾಡುತ್ತಿದ್ದಂತೆ ಅಪ್ಪ ತಕ್ಷಣ ಇಂಜಿನ್ ನಿಲ್ಲಿಸಿಬಿಟ್ಟರು. ಅಷ್ಟೇ, ದೋಣಿ ಅಲೆಗೆ ಅಡ್ಡಲಾಗಿ ತಿರುಗಿತು, ನೀರು ಒಳಗೆ ಸುರಿಯಿತು. ಅಪ್ಪ ಸ್ಟಾರ್ಟರ್ ಹಗ್ಗ ಎಳೆದರು. ಇಂಜಿನ್ ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದರು. ಪೆಟ್ರೋಲ್ ಚೆಲ್ಲಿದ ನೀರಿನಲ್ಲಿ ನಿಂಬೆಹಣ್ಣು ನನ್ನ ಕಾಲ ಬಳಿ ತೇಲತೊಡಗಿತು.

“ಅಪ್ಪಾ, ನೀರು.”

“ನೀನು ಆ ನಿಂಬೆಹಣ್ಣು ನೋಡ್ಕೊಂಡು ಕೂತ್ಕೊಮ್ಮ. ಈ ಕಡೆ ತಿರುಗಬೇಡ.”

ಹಣ್ಣು ನನ್ನ ಕಾಲಿನ ಮೀನಖಂಡಕ್ಕೆ ತಾಗುವ ಹೊತ್ತಿಗೆ ಇಂಜಿನ್ ಹತ್ತಿಕೊಂಡಿತು. ಅಪ್ಪ ಈ ಸಲ ನಿಲ್ಲಿಸಲಿಲ್ಲ. ಮೂತಿಯನ್ನು ಅಲೆಗೇ ಎದುರಾಗಿ ಹಿಡಿದು, ಗಾಳಿ ಇಳಿದ ಮೇಲೆ ದಡಕ್ಕೆ ತಂದರು.

ಕಟ್ಟೆಯ ಮೇಲೆ ಕಾದಿದ್ದ ಅಜ್ಜಿ ಅಪ್ಪನನ್ನು ಕೇಳಿದಳು, “ಹೆಂಗೈತೆ ನಾಯ್ನಾ ಬಂಡಿ?”

“ಚೆನ್ನಾಗಿ ಓಡ್ತೈತಮ್ಮ.”

ಅಪ್ಪ ನಕ್ಕರು. ಹಗ್ಗ ಎಳೆದೆಳೆದು ಸುಲಿದಿದ್ದ ಅವರ ಅಂಗೈ ಮಾತ್ರ ಮನೆ ಬಾಗಿಲವರೆಗೂ ನನ್ನ ಮಣಿಕಟ್ಟನ್ನು ಬಿಡಲಿಲ್ಲ.