ಕೇಳಿ ಉಣ್ಣುವ ಊಟ

ಎಲೆ ಹಾಕಿ, ಬಡಿಸಿ, ದೀಪ ಹಚ್ಚಿ ಆಗಿತ್ತು. ಭೋಜ ಒಂದು ಎಲೆಯ ಮುಂದೆ, ಅವನ ಅಣ್ಣ ಚಂದಯ್ಯ ಇನ್ನೊಂದರ ಮುಂದೆ. ಇಬ್ಬರ ನಡುವೆ ಒಂದು ಕೋಣ ಮಲಗುವಷ್ಟು ಜಾಗ. ಇನ್ನು ಭೋಜ ಕೇಳಬೇಕು, ಚಂದಯ್ಯ ಅಪ್ಪಣೆ ಕೊಡಬೇಕು, ಆಮೇಲೆ ಊಟ. ನವರಾತ್ರಿಯ ಯಾವುದಾದರೂ ಒಂದು ದಿನ ಹೊಸ ಅಕ್ಕಿ ಉಣ್ಣುವ ಹೊಸ್ತಿನ ಹಬ್ಬದಲ್ಲಿ ಕಿರಿಯರು ಹಿರಿಯರಿಗೆ "ನಾನ್ ಹೊಸ್ತ್ ಉಣ್ತೆ" ಎಂದು ಹೇಳಿ, ಅವರು "ಉಣ್ಣ್" ಎಂದ ಮೇಲೆಯೇ ತುತ್ತು ಎತ್ತುವುದು. ಬೀಜಾಡಿ ಊರಿನಲ್ಲಿ ಗದ್ದೆ ಮಾರಿ ಸೈಟು ಮಾಡಿದವರೂ ಇದೊಂದನ್ನು ಬಿಟ್ಟಿಲ್ಲ.

ಚಂದಯ್ಯನ ಹೆಂಡತಿ ಕುಸುಮ ಸೌಟು ಹಿಡಿದು ಕಾಯುತ್ತಿದ್ದಳು. ಈ ಒಂದು ಮಾತಿಗಾಗಿಯೇ ಅವಳು ಗಂಡನಿಗೆ ತಿಳಿಸದೆ ಮೈದುನನನ್ನು ಊಟಕ್ಕೆ ಕರೆದದ್ದು. ಬೆಳಗಿನಿಂದ ಹರಿವೆ, ಅಂಬಟೆ, ಕೆಸುವಿನ ದಂಟು, ಸೌತೆಕಾಯಿ ಎಂದು ಸೊಂಟ ಬೀಳುವಷ್ಟು ಬೇಯಿಸಿದ್ದು. ಹೋದ ವರ್ಷದ ಮಳೆಗಾಲದಲ್ಲಿ ಭೋಜ ತನ್ನ ಮನೆಯ ಮಾಡಿನ ಮೇಲೆ ವಾಲಿದ್ದ ಅಣ್ಣನ ತೆಂಗಿನಮರವನ್ನು ಒಂದು ಮಾತೂ ಕೇಳದೆ ಕಡಿಸಿದ್ದ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಮನೆಗಳು ಅಕ್ಕಪಕ್ಕ. ಬೇಲಿ ನಡುವಿನ ಗೇಟಿಗೆ ಚಂದಯ್ಯ ಬೀಗ ಜಡಿದಿದ್ದರಿಂದ ಭೋಜ ಸ್ಕೂಟರ್ ಹತ್ತಿ, ದೊಡ್ಡ ರಸ್ತೆ ಸುತ್ತಿ ಊಟಕ್ಕೆ ಬಂದಿದ್ದ. ಹೆಲ್ಮೆಟ್ಟೂ ಹಾಕಿದ್ದ. ಅವನ ಹೆಂಡತಿ ಮಗಳ ಬಾಣಂತನಕ್ಕೆಂದು ಮುಂಬೈಗೆ ಹೋಗಿದ್ದಳು. ಹೊಸ್ತಿನ ದಿನ ಹೋಟೆಲಿನಲ್ಲಿ ಉಣ್ಣುವಷ್ಟು ಧೈರ್ಯ ಅವನಿಗಿರಲಿಲ್ಲ.

"ಅತ್ತಿಗೆ, ನಾನ್ ಹೊಸ್ತ್ ಉಣ್ತೆ," ಎಂದ ಭೋಜ.

"ದೊಡ್ಡೋರ್ ಅಲ್ಲೇ ಕೂತಿರುವತಿಗೆ ನನ್ ಹತ್ರ ಎಂತ ಕೇಂಬುದ್? ಅವ್ರತ್ರ ಕೇಣಿ."

"ನೀವೇ ಒಂದ್ ಮಾತ್ ಕೇಂಡ್ ಹೇಳಿ."

"ಅವ್ರ ಕೆಮಿ ಸಮಾ ಇತ್ತ್," ಎಂದು ಕುಸುಮ ತನ್ನ ಕಿವಿ ಮುಟ್ಟಿ ತೋರಿಸಿದಳು. "ನಾನ್ ಎಂತಕ್ಕೆ ನಡೂಗೆ?"

ಚಂದಯ್ಯ ಎಲೆಯ ತುದಿಯ ಉಪ್ಪಿನಕಾಯಿಯನ್ನು ಮೊದಲ ಸಲ ಕಂಡವನಂತೆ ನೋಡುತ್ತಿದ್ದ. ಸಾರು ಆರಿತು. ಪಾಯಸ ಕೆನೆ ಕಟ್ಟಿತು. ಭೋಜನಿಗೆ ಹಠವೂ ಇತ್ತು, ಹಸಿವೂ ಇತ್ತು. ಹಸಿವು ಗೆದ್ದಿತು.

"ಅಣ್ಣಯ್ಯ, ನಾನ್ ಹೊಸ್ತ್ ಉಣ್ತೆ," ಎಂದು ಹಪ್ಪಳಕ್ಕೆ ಹೇಳಿದ.

"ಉಣ್ಣ್," ಎಂದು ಚಂದಯ್ಯ ಉಪ್ಪಿನಕಾಯಿಗೆ ಹೇಳಿದ.

ಅಷ್ಟೇ. ಆಮೇಲೆ ಕೇಳಿಸಿದ್ದು ಸಾರು ಸುರಿಯುವ ಸದ್ದು ಮಾತ್ರ. ಇಷ್ಟು ಬಗೆ ಬೇಯಿಸಿದ್ದಕ್ಕೆ ಸಿಕ್ಕಿದ್ದು ಒಂದೇ ಒಂದು "ಉಣ್ಣ್" ಎಂದು ಕುಸುಮನಿಗೆ ಸಿಟ್ಟು ಬಂತು, ಸಿಟ್ಟಿಗಿಂತ ಹೆಚ್ಚು ಬೇಜಾರು ಬಂತು. ಇನ್ನಷ್ಟು ಪಾಯಸ ತರುತ್ತೇನೆಂದು ಒಳಗೆ ಹೋದಳು.

ಮಿಕ್ಸಿಯ ಹಿಂದೆ ಒಂದು ಬಟ್ಟಲು ಮುಚ್ಚಿಟ್ಟಿತ್ತು. ಬೆಳಿಗ್ಗೆ ಭತ್ತದ ಕದಿರಿನಿಂದ ಉಗುರಲ್ಲಿ ಸುಲಿದಿಟ್ಟ ಹೊಸ ಅಕ್ಕಿ. ಕಾಯಿಯ ಜೊತೆ ಅರೆದು ಪಾಯಸಕ್ಕೆ ಹಾಕಬೇಕಾದದ್ದು. ಕದಿರನ್ನು ಅವಳು ಬಾಗಿಲಿಗೆ ಕಟ್ಟಿದ್ದಳು, ಬಾವಿಕಟ್ಟೆಗೆ ಕಟ್ಟಿದ್ದಳು, ಫ್ರಿಜ್ಜಿಗೆ ಕಟ್ಟಿದ್ದಳು, ಕೊನೆಗೆ ಈ ಮಿಕ್ಸಿಗೂ ಕಟ್ಟಿದ್ದಳು. ಅಕ್ಕಿಯನ್ನು ಮಾತ್ರ ಯಾವುದಕ್ಕೂ ಹಾಕಿರಲಿಲ್ಲ. ಅಣ್ಣತಮ್ಮ ಅಪ್ಪಣೆ ಕೇಳಿ ಉಣ್ಣುತ್ತಿದ್ದದ್ದು ಕುಂದಾಪುರದ ಅಂಗಡಿಯ ಹಳೇ ಅಕ್ಕಿಯನ್ನು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಹೊಸ್ತಿನಲ್ಲಿ ಮೋಸ ಮಾಡಿ ನಾಳೆ ಮನೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ? ಹೇಳಿದರೆ, ಅಷ್ಟು ಕಷ್ಟದಲ್ಲಿ ಹೊರಟ ಆ ಎರಡು ಮಾತೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅವಳಿಗೆ ಅಳು ಬಂತು. ಅಳುತ್ತ ನಿಂತರೆ ಹೊರಗೆ ಬಡಿಸುವವರಿಲ್ಲ ಎಂದು ಕಣ್ಣೊರೆಸಿಕೊಂಡು ಬಟ್ಟಲು ಹಿಡಿದೇ ಬಂದಳು.

"ಹ್ವಾಯ್, ಹೊಸ ಅಕ್ಕಿ ಹಾಕುಕೆ ಮರ್ತ್ ಹೋಯ್ತ್."

ಚಂದಯ್ಯನ ಕೈ ಅರ್ಧದಲ್ಲಿ ನಿಂತಿತು. ಆಮೇಲೆ ಅವನ ಮುಖದಲ್ಲಿ ಒಂದು ನೆಮ್ಮದಿ ಕಾಣಿಸಿತು. "ಹಾಂಗಾರೆ ಇದ್ ಹೊಸ್ತೇ ಅಲ್ಲ. ನಾ ಉಣ್ಣ್ ಅಂದದ್ದ್ ಲೆಕ್ಕಕ್ಕಿಲ್ಲೆ."

"ಹಾಂಗಾರೆ ನಾ ಕೇಂಡದ್ದೂ ಲೆಕ್ಕಕ್ಕಿಲ್ಲೆ," ಎಂದ ಭೋಜ, ನೇರ ಅಣ್ಣನ ಮುಖಕ್ಕೆ.

"ನೀ ಕೇಂಡದ್ದ್ ಎಲ್ಲಿ? ಗುಣುಗುಣು ಅಂದೆ. ಅಪ್ಪಯ್ಯ ಇದ್ದಿರೆ ಅದನ್ನ್ ಕೇಂಡದ್ದ್ ಅಂತಿದ್ರಾ?"

"ಅಪ್ಪಯ್ಯನ ಸುದ್ದಿ ನೀ ಹೇಳ್ಬ್ಯಾಡ. ಕೇಣದೇ ಪಾಯಸ ಕುಡ್ದ್ ಪೆಟ್ಟ್ ತಿಂದದ್ದ್ ಯಾರ್?"

"ಅದ್ ನೀನ್!"

"ನೀನ್! ನಾನ್ ಕಣ್ಣಾರೆ ಕಂಡಿದ್ದೆ!"

ಅಪ್ಪಯ್ಯನ ಪೆಟ್ಟಿನಿಂದ ಮಾತು ತೆಂಗಿನಮರಕ್ಕೆ ಹೋಯಿತು, ಮರದಿಂದ ಒಡೆದ ಹಂಚಿಗೆ, ಹಂಚಿನಿಂದ ಯಾರದೋ ಮದುವೆಯಲ್ಲಿ ಯಾರೋ ಯಾರಿಗೋ ಮುಖ ತಿರುಗಿಸಿದ್ದಕ್ಕೆ. ಕುಸುಮ ಅನ್ನ ಬಡಿಸಿದಳು, ಉಂಡರು. ಹುಳಿ ಬಡಿಸಿದಳು, ಉಂಡರು. ಇಬ್ಬರ ಬಲಗೈಯೂ ಎಲೆಯ ಮೇಲೆ, ಎಡಗೈ ಎದುರಿನವನ ಮೂಗಿನ ನೇರಕ್ಕೆ. ಎಷ್ಟೋ ತಿಂಗಳ ಮಾತು ಒಂದೇ ಊಟದಲ್ಲಿ ಖರ್ಚಾಯಿತು. ಬೈಗುಳವಾದರೂ ಅವಳ ಕಿವಿಗೆ ಹಿತವಾಗಿತ್ತು.

"ನವರಾತ್ರಿ ಇನ್ನೂ ಮುಗೀಲಿಲ್ಲ," ಎಂದ ಚಂದಯ್ಯ ಕೊನೆಗೆ, ಸುಸ್ತಾಗಿ. "ನಾಳೆ ಬಾ. ಬಂದ್ ಸಮಾ ಕೇಣ್."

"ಬತ್ತೆ. ನೀನೂ ಸಮಾ ಹೇಳ್."

ಚಂದಯ್ಯ ಕೈ ತೊಳೆಯಲು ಎದ್ದವನು ಬಾಗಿಲಲ್ಲಿ ತಿರುಗಿ ಹೆಂಡತಿಗೆ ಹೇಳಿದ: "ನಾಳೆ ಆದ್ರೂ ಆ ಅಕ್ಕಿ ಹಾಕುಕೆ ಮರೀಬ್ಯಾಡ."

ಕುಸುಮ ಎರಡೂ ಎಲೆಗಳನ್ನು ಮಡಚುತ್ತಿದ್ದಳು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ, ನೋಡೋಣ ಎನ್ನುವಂತೆ ತಲೆಯಾಡಿಸಿದಳು.

"ಕಾಂಬ," ಎಂದಳು.