ನಕಲಿ ಗಿರಾಕಿ

ಬೋಳುತಲೆಯವರು ಮಣ್ಣಿನ ಕಪ್ಪನ್ನು ಮಗುಚಿ ತಳ ನೋಡಿದ ಕೂಡಲೇ ಪುಟ್ಟಿಯ ಕಿವಿ ನೆಟ್ಟಗಾಯಿತು. ಕೊಳ್ಳಲು ಬಂದವರು ಬಣ್ಣ ನೋಡುತ್ತಾರೆ, ಹಿಡಿ ನೋಡುತ್ತಾರೆ. ತಳ ಯಾರು ನೋಡುತ್ತಾರೆ? ಅಲ್ಲಿರುವುದು ಅವಳ ಹೆಬ್ಬೆಟ್ಟಿನ ಗುರುತೊಂದೇ.

"ಇದೇ ಗುರುತು," ಎಂದು ಗೊಣಗಿಕೊಂಡು ಅವರು ಕಪ್ಪನ್ನು ಮನೆ ಮುಂದಿನ ಮೇಜಿನ ಮೇಲಿಟ್ಟರು. "ಅರ್ಧಕ್ಕೆ ಕೊಡಮ್ಮ. ಹೋಟೆಲಿಗೆ ಬೇಕು, ಒಟ್ಟಿಗೆ ನೂರು ತಗೋತೀನಿ."

"ನೂರಕ್ಕೂ ಅದೇ ರೇಟು ಸಾರ್, ಒಂದಕ್ಕೂ ಅದೇ."

ಅವರು ಗೇಟಿನ ತನಕ ಹೋಗಿ ತಿರುಗಿ ನೋಡಿದರು. ಪುಟ್ಟಿ ಕೆಟಲ್ಲಿನ ಧೂಳು ಒರೆಸುವುದರಲ್ಲಿ ಮುಳುಗಿಹೋದಳು. ಅವರು ಹೊರಟೇ ಹೋದರು. ನೂರು ಕಪ್ಪಿನ ವ್ಯಾಪಾರ ಹೋಯಿತು, ಆದರೂ ಅವಳು ತಲೆ ಎತ್ತಲಿಲ್ಲ. ಈ ಆಸಾಮಿ ಮೇಷ್ಟ್ರು ಕಳಿಸಿದ ನಕಲಿ ಗಿರಾಕಿಯಲ್ಲದೆ ಮತ್ತಿನ್ಯಾರು?

ಪುಟ್ಟಿ ಹೋಗುತ್ತಿದ್ದದ್ದು ಕಲಾವಿದರಿಗೆ ವ್ಯಾಪಾರ ಕಲಿಸುವ ತರಗತಿಗೆ. ಚಿತ್ರ ಬಿಡಿಸುವವರು, ಬಟ್ಟೆಗೆ ಅಚ್ಚು ಹಾಕುವವರು, ಒಡವೆಯ ವಿನ್ಯಾಸ ಮಾಡುವವರು, ಎಲ್ಲರಿಗೂ ಒಂದೇ ಕಾಯಿಲೆ. ಬೆಲೆ ಕೇಳಿದರೆ ನೆಲ ನೋಡಿ "ನೀವೇ ನೋಡಿ ಕೊಡಿ" ಎನ್ನುವುದು. ಹುಡುಗರು ಲಾಭದ ಮೇಷ್ಟ್ರು ಎಂದು ಅಡ್ಡಹೆಸರಿಟ್ಟಿದ್ದ ಗುರುಗಳಿಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬಾರದು. ಅದಕ್ಕೆ ಅವರಿಗೆ ಎಳ್ಳಷ್ಟೂ ನಾಚಿಕೆಯಿರಲಿಲ್ಲ. ಮಾಡಿದವರು ಯಾರೆಂದು ತಾನು ಕೇಳುವುದಿಲ್ಲ, ಮಾರಿದವರು ಯಾರೆಂದಷ್ಟೇ ನೋಡುತ್ತೇನೆ ಎನ್ನುತ್ತಿದ್ದರು. ಪುಟ್ಟಿಯಿದ್ದ ಬೆಳಗಿನ ತಂಡ ತೂಕಡಿಸಿದಾಗಲೆಲ್ಲ, ಸಂಜೆಯ ತಂಡದವರು ನಿಮಗಿಂತ ಒಂದು ಪಾಠ ಮುಂದಿದ್ದಾರೆ ಎಂದು ಚುಚ್ಚುತ್ತಿದ್ದರು.

ಕೊನೆಯ ವಾರ ಅವರು ಬಾಂಬು ಹಾಕಿದರು. ತಮ್ಮ ಕಡೆಯವರೊಬ್ಬರು ಗಿರಾಕಿಯ ವೇಷದಲ್ಲಿ ಬರುತ್ತಾರೆ, ಅಳಬಹುದು, ಹೊಗಳಬಹುದು, ಬೆಲೆ ಇಳಿಸಿದವರು ಅಲ್ಲಿಗೆ ಮುಗಿದರು. ಎರಡೂ ತಂಡದಲ್ಲಿ ಉಳಿದವರ ಪೈಕಿ ಎಲ್ಲರಿಗಿಂತ ಹೆಚ್ಚು ಲಾಭ ಮಾಡಿದವರಿಗೆ ತರಗತಿಯ ಕೆಳಗಿರುವ ಗಾಜಿನ ಬಾಗಿಲಿನ ಅಂಗಡಿ ವರ್ಷವಿಡೀ ಪುಕ್ಕಟೆ, ಹಿಂದಿನ ಕೋಣೆಯ ಸಮೇತ.

ಪುಟ್ಟಿಗೆ ಬೇಕಿದ್ದದ್ದು ಆ ಹಿಂದಿನ ಕೋಣೆಯೇ. ಅವಳ ಕುಂಬಾರಿಕೆಯ ತಿಗರಿ ಬಾಲ್ಕನಿಯಲ್ಲಿತ್ತು, ಮಣ್ಣು ಬಚ್ಚಲಿನಲ್ಲಿತ್ತು. ಬಚ್ಚಲಿನ ಪೈಪು ಮತ್ತೆ ಕಟ್ಟಿಕೊಂಡ ದಿನ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಿಂಗಳು ಮುಗಿಯುವುದರೊಳಗೆ ಮಣ್ಣು ಹೊರಗೆ ಹೋಗದಿದ್ದರೆ ತಿಗರಿಯನ್ನು ಗುಜರಿಯವನಿಗೆ ಹಾಕುವುದಾಗಿ ಹೇಳಿದ್ದರು. ಅಮ್ಮ ಹೇಳಿದ್ದನ್ನು ಮಾಡುವವರು. ಪುಟ್ಟಿಗೆ ನಿಜವಾಗಿಯೂ ಭಯವಾಗಿತ್ತು.

ಹಾಗಾಗಿ ಬಂದವರನ್ನೆಲ್ಲ ಅನುಮಾನಿಸಿದಳು. ಮೊಮ್ಮಗಳಿಗೆ ಬೇಕೆಂದು ಕಣ್ಣೀರು ಹಾಕಿದ ಅಜ್ಜಿಗೂ ಬೆಲೆ ಬಿಡಲಿಲ್ಲ. ಅಂಚೆಯವನು ನೀರು ಕೇಳಿದರೂ ಒಂದು ಕ್ಷಣ ಯೋಚಿಸಿದಳು.

ಮನಸ್ಸು ಬಿಚ್ಚಿ ಮಾತಾಡಲು ಸಿಗುತ್ತಿದ್ದವರು ಚಿಕ್ಕಮ್ಮ ಒಬ್ಬರೇ. ವಾಕಿಂಗ್ ಹೊರಟವರು ದಿನಾ ಸಂಜೆ ಮೇಜಿನ ಹತ್ತಿರ ನಿಲ್ಲುತ್ತಿದ್ದರು. ಎಷ್ಟು ನಡೆದರೂ ಅವರು ಒಂದು ಸುತ್ತೂ ಇಳಿದಿರಲಿಲ್ಲ, ಹೆಗಲಿನ ಚೀಲ ಮಾತ್ರ ತಪ್ಪುತ್ತಿರಲಿಲ್ಲ. "ನಮ್ಮ ಹುಡುಗಿ ಕೈಯಲ್ಲಿ ಏನಿದೆಯೋ," ಎಂದು ಒಂದು ಕಪ್ಪು ಸವರುತ್ತಿದ್ದರು. ತಗೊಂಡು ಹೋಗಿ ಚಿಕ್ಕಮ್ಮ, ನಿಮ್ಮ ಹತ್ತಿರ ಎಂಥ ದುಡ್ಡು, ಎಂದು ಪುಟ್ಟಿಯೇ ಕಾಗದ ಸುತ್ತಿ ಚೀಲಕ್ಕೆ ಹಾಕುತ್ತಿದ್ದಳು. ಅಷ್ಟು ಒಯ್ದರೂ ಅವರ ಮನೆಯಲ್ಲಿ ಟೀ ಬರುತ್ತಿದ್ದದ್ದು ಹಳೆಯ ಗಾಜಿನ ಲೋಟದಲ್ಲೇ. ಒಳ್ಳೆಯ ಕಪ್ಪು ಬಳಸಿ ಹಾಳುಮಾಡಬಾರದಂತೆ.

ಬೋಳುತಲೆಯವರ ಕಥೆ ಕೇಳಿ ಚಿಕ್ಕಮ್ಮ ಲೊಚಗುಟ್ಟಿದರು.

"ರೇಟು ಹೇಳಿದ ಮೇಲೆ ಬಾಯಿ ಮುಚ್ಕೊಂಡು ಕೂತ್ಕೋಬೇಕು ಪುಟ್ಟೀ. ಮೊದಲು ಮಾತಾಡಿದವರು ಸೋತ ಹಾಗೆ."

ಮರುದಿನ ಬೆಳಗ್ಗೆ ಮೇಷ್ಟ್ರು ಹೇಳಿದ್ದೂ ಅಕ್ಷರಶಃ ಅದನ್ನೇ. ಓದಿಸಿದ್ದರೆ ಚಿಕ್ಕಮ್ಮ ಎಲ್ಲೋ ಇರುತ್ತಿದ್ದರು ಎಂದು ಪುಟ್ಟಿ ಮರುಗಿದಳು. ಆ ಸಂಜೆ ಚಿಕ್ಕಮ್ಮನ ಕಣ್ಣು ನೀಲಿ ಕೆಟಲ್ಲಿನ ಮೇಲೆ ಬಿತ್ತು. ಮೂರು ಸಲ ಸುಟ್ಟು ಬಣ್ಣ ಬರಿಸಿದ ಕೆಟಲ್ ಅದು. ಕೊಡುವಾಗ ಕೈ ಸ್ವಲ್ಪ ತಡೆಯಿತು. ಆದರೂ ಕೊಟ್ಟಳು, ಎತ್ತಿ ಆಡಿಸಿದವರ ಹತ್ತಿರ ಲೆಕ್ಕವೇ?

ಶನಿವಾರ ಮೇಷ್ಟ್ರ ಫೋನು ಬಂತು. ಅಳುತ್ತ ಬಂದ ಅಜ್ಜಿ ತಮ್ಮವರೇ, ಆ ಪರೀಕ್ಷೆಯಲ್ಲಿ ಪುಟ್ಟಿಗೆ ಪೂರ್ತಿ ಅಂಕ. ಉಳಿದದ್ದಕ್ಕೆ ಕೆಳಗಿನ ಅಂಗಡಿಗೆ ಬನ್ನಿ ಎಂದರು.

ಗಾಜಿನಾಚೆ ಮೊದಲು ಕಂಡದ್ದು ನೀಲಿ ಕೆಟಲ್. ಅದರ ಸುತ್ತ ಅವಳ ಕಪ್ಪುಗಳು, ಚಿಕ್ಕ ದೀಪಗಳ ಕೆಳಗೆ, ಸಾಲಾಗಿ. ಗೆದ್ದುಬಿಟ್ಟೆ ಎಂದುಕೊಂಡಳು. ಕಣ್ಣು ತುಂಬಿತು. ಚಿಕ್ಕಮ್ಮ ಎಷ್ಟು ಒಳ್ಳೆಯವರು, ಅಂಗಡಿಗೆ ಕಳೆ ಬರಲೆಂದು ಎಲ್ಲವನ್ನೂ ವಾಪಸು ತಂದಿಟ್ಟಿದ್ದಾರೆ! ತಿಗರಿ ಹಿಂದಿನ ಕೋಣೆಯ ಯಾವ ಮೂಲೆಗೆ ಎಂದು ಯೋಚಿಸುತ್ತಲೇ ಬಾಗಿಲು ತಳ್ಳಿದಳು.

ಬೆಲೆಯ ಚೀಟಿಗಳು ಕಂಡದ್ದು ಆಮೇಲೆ. ಎಲ್ಲವೂ ಅವಳ ಬೆಲೆಯ ಎರಡರಷ್ಟು.

"ಸಂಜೆಯ ತಂಡದವರು, ಎರಡೂ ತಂಡಕ್ಕೆ ಇವರೇ ಮೊದಲು," ಎಂದರು ಮೇಷ್ಟ್ರು, ಭಕ್ತಿಯಿಂದ. "ಇಂಥ ಲಾಭ ನಾನು ಕಂಡಿಲ್ಲ. ಸರಕಿನ ಖರ್ಚೇ ಇಲ್ಲ ನೋಡಿ."

ಮೇಜಿನ ಹಿಂದೆ, ವಾಕಿಂಗಿನ ಬೂಟಿನಲ್ಲೇ, ಚಿಕ್ಕಮ್ಮ ಕೂತಿದ್ದರು. ಪುಟ್ಟಿಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕೆಂದುಕೊಂಡಳು. ಅಷ್ಟರಲ್ಲಿ ಅವರೇ ಕನ್ನಡಕ ಸರಿಮಾಡಿಕೊಂಡರು.

"ನಿನ್ನ ಬೋಳುತಲೆಯವರು ನಿಜವಾದ ಗಿರಾಕಿ ಕಣೇ. ನನ್ನ ಹತ್ರ ಕಪ್ಪು ನೋಡಿ, ಗುರುತು ಹುಡುಕ್ಕೊಂಡು ನಿನ್ನ ಹತ್ರ ಬಂದಿದ್ದು. ಆಮೇಲೆ ನನ್ನ ಹತ್ರಾನೇ ವಾಪಸು ಬಂದ್ರು. ಎರಡರಷ್ಟು ಹೇಳಿ ಅರ್ಧಕ್ಕೆ ಒಪ್ಕೊಂಡೆ, ಕುಣೀತಾ ಹೋದ್ರು. ತಿಗರಿ ಹಿಂದಿನ ಕೋಣೇಲಿ ಇಟ್ಕೋ, ಬಾಡಿಗೆ ಬೇಡ. ಕಪ್ಪು ಮಾತ್ರ ನಂಗೆ ಅರ್ಧಕ್ಕೆ ಕೊಡಮ್ಮ, ಒಟ್ಟಿಗೆ ನೂರು ತಗೋತೀನಿ."

ಅಷ್ಟು ಹೇಳಿ ಚಿಕ್ಕಮ್ಮ ಬಾಯಿ ಮುಚ್ಚಿಕೊಂಡು ಕೂತರು.